ಗೆಳೆಯ ‘ಸಾಕಾಗೇತಿ’ ಅಂದಾಗ

ಲೇಖನ ಶುರು ಮಾಡೋಕೆ ಮುಂಚೆ ಒಂದು ಮಾತು. ಇದನ್ನು ಓದುತ್ತಿರುವ ನಿಮಗೆ ಈ ಕ್ಷಣದಲ್ಲೇ ‘ಬದುಕು ಬೇಡ’ ಅನ್ನಿಸ್ತಿದ್ದರೆ, ಪೂರ್ತಿ ಓದುವ ಅಗತ್ಯ ಇಲ್ಲ. 14416 ಗೆ ಕಾಲ್ ಮಾಡಿ. ಫ್ರೀ ನಂಬರ್, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ರೂಮಲ್ಲಿ ಒಬ್ಬರೇ ಇದ್ದರೆ ಎದ್ದು ಹೋಗಿ ಪಕ್ಕದ ರೂಮಿನ ಬಾಗಿಲು ತಟ್ಟಿ. ಉಳಿದದ್ದನ್ನು ನಾಳೆ ಓದಿದರೂ ಆಯ್ತು.

ಈಗ ವಿಷಯಕ್ಕೆ ಬರೋಣ. ಈ ಸಂಚಿಕೆಗೆ ನಾವು ಬರೆಯೋಣ ಅಂದುಕೊಂಡಿದ್ದು ಹಾಸ್ಟೆಲ್ ಮೆಸ್ ಬಗ್ಗೆ ಒಂದು ತಮಾಷೆ ಲೇಖನ. ಅರ್ಧ ಬರೆದೂ ಆಗಿತ್ತು. ಆದರೆ ಕಳೆದ ಸೆಮ್‌ನಲ್ಲಿ ನಮ್ಮ ಮಧ್ಯೆ ನಡೆದದ್ದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳು ಬರೆದ ಹಾಗೆ ಅನ್ನಿಸ್ತಿತ್ತು. ನಾವು ಅಂದ್ರೆ ಒಂದೇ ವಿಂಗ್‌ನಲ್ಲಿರುವ ಮೂರು ಜನ. ಟೈಪ್ ಮಾಡ್ತಿರೋದು ಒಬ್ಬರೇ ಆದರೂ ಇದರಲ್ಲಿರೋದು ಮೂವರ ಮಾತು. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ, ವಿಷಯದಲ್ಲಿ ತಪ್ಪಾಗದ ಹಾಗೆ ನೋಡಿಕೊಂಡಿದ್ದೇವೆ.

ನಾವು ಎಡವಿದ್ದು ಎಲ್ಲಿ

ನಮ್ಮ ಗೆಳೆಯನೊಬ್ಬ ಹಾವೇರಿ ಕಡೆಯವನು. ಅವನ ಹೆಸರು, ಬ್ರಾಂಚ್ ಎರಡನ್ನೂ ಇಲ್ಲಿ ಹೇಳಲ್ಲ. ಕೆಲವು ವಿವರ ಬದಲಿಸಿದ್ದೇವೆ. ಅವನ ಒಪ್ಪಿಗೆ ತಗೊಂಡೇ ಬರೀತಿದ್ದೇವೆ. ಫಸ್ಟ್ ಇಯರ್‌ನಲ್ಲಿ ನಮ್ಮ ವಿಂಗ್‌ಗೆಲ್ಲ ನಗು ತರಿಸ್ತಿದ್ದವನೇ ಅವನು. ಸೆಕೆಂಡ್ ಇಯರ್ ಬರುವ ಹೊತ್ತಿಗೆ ಮ್ಯಾಥ್ಸ್ ಸೇರಿ ಎರಡು ಬ್ಯಾಕ್ ಉಳಿದಿತ್ತು. ಮನೆಯಲ್ಲಿ ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದರು. ಅವನು ಮೆಸ್‌ಗೆ ಬರೋದು ಕಡಿಮೆ ಮಾಡಿದ. ರಾತ್ರಿ ಮೂರು ಗಂಟೆಗೂ ಎಚ್ಚರ ಇರ್ತಿದ್ದ, ಬೆಳಗ್ಗೆ ಕ್ಲಾಸಿಗೆ ಬರ್ತಿರಲಿಲ್ಲ.

ಒಂದು ದಿನ ಲ್ಯಾಬ್ ರೆಕಾರ್ಡ್ ಬರೀತಾ ಕೂತಿದ್ದಾಗ ಪೆನ್ ಕೆಳಗಿಟ್ಟು, “ಸಾಕಾಗೇತಿಲೇ, ಎಲ್ಲಾ ಸಾಕಾಗೇತಿ” ಅಂದ. ನಾವು ನಕ್ಕೆವು. “ಯಾರಿಗೆ ಸಾಕಾಗಿಲ್ಲ ಹೇಳು ಮಗಾ, ಬರಿ ಬರಿ” ಅಂದ್ವಿ. ಒಬ್ಬ ಗ್ರೂಪಿಗೆ ಮೀಮ್ ಹಾಕಿದ. ಅವನೂ ನಕ್ಕ. ಅಲ್ಲಿಗೆ ಮುಗೀತು ಅಂದುಕೊಂಡೆವು.

ಮುಗಿದಿರಲಿಲ್ಲ. ಅದಾಗಿ ಹದಿನೈದು ದಿನಕ್ಕೆ ಅವನು ತನ್ನ ಹೆಡ್‌ಫೋನ್ ತಂದು ನಮ್ಮಲ್ಲೊಬ್ಬನ ಟೇಬಲ್ ಮೇಲಿಟ್ಟು, “ಇಟ್ಕೋ, ನನಗ ಬ್ಯಾಡ” ಅಂದ. ಅವನು ಎರಡು ತಿಂಗಳು ದುಡ್ಡು ಉಳಿಸಿ ತಗೊಂಡಿದ್ದ ಹೆಡ್‌ಫೋನ್ ಅದು. ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಒಂದು ಗಂಟೆ ಹೊತ್ತಿಗೆ ಎದ್ದು ನೋಡಿದರೆ ಕಾರಿಡಾರ್‌ನಲ್ಲಿ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆವು. ಏನು ಕೇಳಬೇಕು ಅಂತ ಮೂರು ಜನಕ್ಕೂ ಗೊತ್ತಿರಲಿಲ್ಲ. ಈ ಲೇಖನ ಬರೀತಿರೋದೇ ಅದಕ್ಕೆ. ಅವತ್ತು ನಮಗೆ ಗೊತ್ತಿಲ್ಲದ್ದು ನಿಮಗೆ ಮೊದಲೇ ಗೊತ್ತಿರಲಿ.

ಈ ಯೋಚನೆ ಯಾಕೆ ಬರುತ್ತೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಪ್ರಕಾರ 2022 ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ. ಈ ಸಂಖ್ಯೆ ನೋಡಿ ಸುಮ್ಮನೆ ಹೆದರೋದು ಬೇಡ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಇಂಥ ಯೋಚನೆ ಬಂದವರ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅವರಲ್ಲಿ ಬಹುಪಾಲು ಜನ ಬದುಕಿದ್ದಾರೆ, ಓದು ಮುಗಿಸಿದ್ದಾರೆ, ಕೆಲಸಕ್ಕೆ ಹೋಗ್ತಿದ್ದಾರೆ. ಯೋಚನೆ ಬಂತು ಅಂದ ಮಾತ್ರಕ್ಕೆ ಅದು ನಡೆದೇ ತೀರಬೇಕು ಅಂತೇನಿಲ್ಲ.

ಕಾರಣ ಒಂದೇ ಅಂತ ಹೇಳೋಕೆ ಬರಲ್ಲ. ಪೇಪರ್‌ನಲ್ಲಿ ‘ಫೇಲ್ ಆಗಿದ್ದಕ್ಕೆ’, ‘ಮೊಬೈಲ್ ಕೊಡಿಸದಿದ್ದಕ್ಕೆ’ ಅಂತ ಒಂದು ಸಾಲಲ್ಲಿ ಬರೆದುಬಿಡ್ತಾರೆ. ನಿಜದಲ್ಲಿ ಹಲವು ಭಾರಗಳು ಒಟ್ಟಿಗೆ ಸೇರಿರುತ್ತವೆ: ಖಿನ್ನತೆ, ನಿದ್ದೆಗೆಟ್ಟಿರುವುದು, ಸಾಲ, ಮುರಿದ ಪ್ರೀತಿ, ಜಾತಿಯ ಹೆಸರಲ್ಲಿ ಅವಮಾನ, ರ್‍ಯಾಗಿಂಗ್, ಕುಡಿತ, ಮನೆಯ ಜಗಳ. ಖಿನ್ನತೆ ಅಂದ್ರೆ ಬರೀ ಬೇಜಾರಲ್ಲ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗುವುದು, ನಿದ್ದೆ-ಹಸಿವು ಏರುಪೇರಾಗುವುದು, ‘ನಾನು ಯಾವುದಕ್ಕೂ ಪ್ರಯೋಜನ ಇಲ್ಲ’ ಅನ್ನಿಸುವುದು, ಇವೆಲ್ಲ ಅದರ ಲಕ್ಷಣಗಳು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಖಿನ್ನತೆ ಇಲ್ಲದವರಿಗೂ ದೊಡ್ಡ ಆಘಾತದ ಹೊತ್ತಲ್ಲಿ ಇಂಥ ಯೋಚನೆ ಬರಬಹುದು.

ಇನ್ನೊಂದು ವಿಷಯ ತುಂಬಾ ಮುಖ್ಯ. ಈ ಯೋಚನೆ ಒಂದೇ ಮಟ್ಟದಲ್ಲಿ ಇರೋದಿಲ್ಲ. ಅಲೆಯ ಹಾಗೆ ಏರುತ್ತೆ, ಇಳಿಯುತ್ತೆ. ತೀರಾ ಜೋರಾಗಿರುವ ಹೊತ್ತು ಹೆಚ್ಚಾಗಿ ಕೆಲವು ನಿಮಿಷ ಅಥವಾ ಕೆಲವು ಗಂಟೆಗಳದ್ದು. ಆ ಹೊತ್ತಲ್ಲಿ ‘ಇದು ಎಂದಿಗೂ ಹೋಗಲ್ಲ’ ಅಂತಲೇ ಅನ್ನಿಸುತ್ತೆ. ಆದರೆ ಅದು ಇಳಿಯುತ್ತೆ. ಆ ಹೊತ್ತನ್ನು ಸುರಕ್ಷಿತವಾಗಿ, ಯಾರಾದರೂ ಜೊತೆಗಿದ್ದು ದಾಟಿಸುವುದೇ ಮೊದಲ ಕೆಲಸ. ಮ್ಯಾಥ್ಸ್ ಬ್ಯಾಕ್, ಸಾಲ, ಎಲ್ಲ ಆಮೇಲೆ.

ನಮ್ಮ ಮಾತಲ್ಲಿ ಅದು ಹೇಗೆ ಕೇಳಿಸುತ್ತೆ

ಇಂಗ್ಲಿಷ್‌ನಲ್ಲಿ ಇದಕ್ಕೆ ನೆಟ್ಟಗೆ ಒಂದು ಪದ ಇದೆ. ಆದರೆ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಆ ಪದ ಹೇಳಲ್ಲ. ಕನ್ನಡದಲ್ಲಿ ನಾವು ಎಲ್ಲದಕ್ಕೂ ‘ಬೇಜಾರು’ ಅಂತೀವಿ. ಕ್ಲಾಸ್ ಬೋರಾದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಹಾಗಾಗಿ ದೊಡ್ಡ ನೋವೂ ಚಿಕ್ಕ ಮಾತಿನಲ್ಲೇ ಬರುತ್ತೆ: “ಎಲ್ಲಾ ಸಾಕಾಗಿದೆ”, “ಎಲ್ಲಿಗಾದ್ರೂ ಹೋಗ್ಬಿಡೋಣ ಅನ್ಸುತ್ತೆ”, “ನಾನಿಲ್ದಿದ್ರೆ ಮನೆಯವರು ಆರಾಮಾಗಿರ್ತಾರೆ”, “ಮಲಗಿದ್ರೆ ಏಳಲೇಬಾರ್ದು ಅನ್ಸುತ್ತೆ”.

ಇಂಥ ಮಾತು ಕೇಳಿದರೆ ನಗಬೇಡಿ. ಮಾತಿನ ಜೊತೆಗೆ ನಡವಳಿಕೆಯನ್ನೂ ಗಮನಿಸಿ. ಗೆಳೆಯರಿಂದ ದೂರ ಸರಿಯುವುದು, ಊಟ-ನಿದ್ದೆ ಬದಲಾಗುವುದು, ಕುಡಿತ ಹೆಚ್ಚಾಗುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಕಾರಣ ಇಲ್ಲದೆ ಎಲ್ಲರಿಗೂ ಸಾರಿ ಕೇಳುವುದು ಅಥವಾ ವಿದಾಯ ಹೇಳಿದ ಹಾಗೆ ಮಾತಾಡುವುದು. ಬಹಳ ದಿನ ಕುಗ್ಗಿದ್ದವರು ಇದ್ದಕ್ಕಿದ್ದ ಹಾಗೆ ತೀರಾ ಶಾಂತವಾಗಿಬಿಟ್ಟರೂ ಸುಮ್ಮನಿರಬೇಡಿ, ಹೋಗಿ ಮಾತಾಡಿಸಿ. ಈ ಲಕ್ಷಣ ಇದ್ದವರೆಲ್ಲರಿಗೂ ಅಪಾಯ ಇದೆ ಅಂತಲ್ಲ, ಯಾವ ಲಕ್ಷಣವೂ ಕಾಣದೆ ಒಳಗೊಳಗೇ ನರಳುವವರೂ ಇದ್ದಾರೆ. ಅದಕ್ಕೇ ಅನುಮಾನ ಬಂದರೆ ಕೇಳಿಬಿಡುವುದು ವಾಸಿ.

ನೇರವಾಗಿ ಕೇಳಬಹುದಾ?

ಕೇಳಬಹುದು, ಕೇಳಬೇಕು. ‘ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ’ ಅನ್ನೋದು ನಮ್ಮ ಭಯವೂ ಆಗಿತ್ತು. ಅದು ತಪ್ಪು. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ ಅಂತ ಸಂಶೋಧನೆಗಳು ತೋರಿಸಿವೆ. ಎಷ್ಟೋ ಸಲ ಯಾರಾದರೂ ಕೇಳಿದರಲ್ಲಾ ಅಂತ ಎದೆ ಹಗುರಾಗುತ್ತೆ.

ಅವತ್ತು ಕಾರಿಡಾರ್‌ನಲ್ಲಿ ನಾವು ಕೇಳಿದ್ದು ಇಷ್ಟೇ: “ಲೋ, ಒಂದು ಮಾತು ಕೇಳ್ತೀವಿ, ಸಿಟ್ಟಾಗ್ಬೇಡ. ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ?” ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಹೂಂ” ಅಂದ. ಆಮೇಲೆ ಅತ್ತ. ನಾವು ಯಾರೂ ಅವನು ಅಳೋದು ನೋಡಿರಲಿಲ್ಲ.

ಹೂಂ ಅಂದ ಮೇಲೆ ಏನು ಮಾಡಬೇಕು? ಕೇಳಿಸಿಕೊಳ್ಳಬೇಕು. ನಾವು ತಕ್ಷಣ ಹೇಳೋ ಮಾತುಗಳಿವೆಯಲ್ಲ: “ಧೈರ್ಯ ತಗೋ”, “ಅಪ್ಪ-ಅಮ್ಮನ ಬಗ್ಗೆ ಯೋಚನೆ ಮಾಡಿದ್ಯಾ”, “ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ”, “ಇಷ್ಟು ಚಿಕ್ಕ ವಿಷಯಕ್ಕಾ”. ಇವು ಒಳ್ಳೆ ಮನಸ್ಸಿಂದಲೇ ಬರ್ತವೆ. ಆದರೆ ಕೇಳುವವನಿಗೆ ತಪ್ಪಿತಸ್ಥ ಭಾವನೆ ಹೆಚ್ಚಾಗುತ್ತೆ, ಅವನು ಮತ್ತೆ ಬಾಯಿ ಮುಚ್ಚಿಕೊಳ್ತಾನೆ. ಅದರ ಬದಲು “ನೀನು ಹೇಳಿದ್ದು ಒಳ್ಳೇದಾಯ್ತು”, “ಇವತ್ತು ನಾವು ಇಲ್ಲೇ ಇರ್ತೀವಿ”, “ನಾಳೆ ಒಟ್ಟಿಗೆ ಹೋಗಿ ಯಾರನ್ನಾದ್ರೂ ನೋಡೋಣ” ಇಷ್ಟು ಸಾಕು.

ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿಟ್ಟಿದ್ದಾನಾ ಅಂತಲೂ ಕೇಳಿ. ಯೋಚಿಸಿಟ್ಟಿದ್ದರೆ ಅಪಾಯ ಹೆಚ್ಚು ಅಂತ ಅರ್ಥ. ಆಗ ಒಂದು ನಿಮಿಷವೂ ಒಬ್ಬನನ್ನೇ ಬಿಡಬೇಡಿ. ಹಾನಿ ಮಾಡಿಕೊಳ್ಳಲು ಬಳಸಬಹುದಾದ ಯಾವುದೂ ಕೈಗೆ ಸಿಗದ ಹಾಗೆ ದೂರ ಇಡಿ. ವಾರ್ಡನ್ ಅಥವಾ ದೊಡ್ಡವರೊಬ್ಬರನ್ನು ಎಬ್ಬಿಸಿ. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ 112 ಅಥವಾ ಆಂಬುಲೆನ್ಸ್‌ಗೆ 108. ಯಾವುದಾದರೂ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಿನದ 24 ಗಂಟೆಯೂ ತುರ್ತು ಚಿಕಿತ್ಸೆ ಸಿಗುತ್ತೆ.

‘ಯಾರಿಗೂ ಹೇಳಬೇಡಿ’ ಅಂತ ಅವನು ಆಣೆ ಹಾಕಿಸಿಕೊಂಡರೆ? ನಮ್ಮ ಗೆಳೆಯನೂ ಕೇಳಿದ. ಈ ಒಂದು ವಿಷಯದಲ್ಲಿ ಮಾತು ಕೊಡಬೇಡಿ. “ಕಂಡವರಿಗೆಲ್ಲ ಹೇಳಲ್ಲ. ಆದರೆ ಸಹಾಯ ಮಾಡೋರಿಗೆ ಹೇಳಲೇಬೇಕು” ಅಂತ ನೇರವಾಗಿ ಹೇಳಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಸಿಟ್ಟನ್ನು ಆಮೇಲೆ ಸರಿಮಾಡಬಹುದು.

14416 ಗೆ ಕಾಲ್ ಮಾಡಿದರೆ ಏನಾಗುತ್ತೆ

ಅವತ್ತು ನಾವು ಮೊದಲು ಕಾಲ್ ಮಾಡಿದ್ದು ನಮ್ಮ ನೋಟಿಸ್ ಬೋರ್ಡ್ ಮೇಲಿದ್ದ ಕೌನ್ಸೆಲರ್ ನಂಬರ್‌ಗೆ. ಆ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಆ ಒಂದು ನಿಮಿಷ ನಮ್ಮ ಕೈ-ಕಾಲು ತಣ್ಣಗಾಯ್ತು. ಆಮೇಲೆ ಹುಡುಕಿದಾಗ ಸಿಕ್ಕಿದ್ದು 14416.

ಇದರ ಹೆಸರು ಟೆಲಿ ಮಾನಸ್. ಕೇಂದ್ರ ಸರ್ಕಾರದ್ದು. 2022 ರ ಅಕ್ಟೋಬರ್ 10 ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾಯಿತು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದ್ದು. 14416 ಹೋಗದಿದ್ದರೆ 1800-891-4416 ಗೆ ಮಾಡಬಹುದು, ಅದೂ ಟೋಲ್ ಫ್ರೀ.

ಕಾಲ್ ಮಾಡಿದಾಗ ಮೊದಲು ಭಾಷೆ ಆರಿಸಿಕೊಳ್ಳಬೇಕು. ಆಮೇಲೆ ತರಬೇತಿ ಪಡೆದ ಸಮಾಲೋಚಕರು ಮಾತಾಡ್ತಾರೆ. ಅವರು ಉಪದೇಶ ಮಾಡೋಕೆ ಕೂತವರಲ್ಲ. ಏನಾಗ್ತಿದೆ, ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಅಂತ ಕೇಳ್ತಾರೆ, ನೀವು ಹೇಳೋದನ್ನು ಕೇಳಿಸಿಕೊಳ್ತಾರೆ. ಅವರ ಕೈಲಿ ಆಗುವುದಕ್ಕಿಂತ ಹೆಚ್ಚಿನ ನೆರವು ಬೇಕು ಅನ್ನಿಸಿದರೆ ಮನೋವೈದ್ಯರಂಥ ತಜ್ಞರ ಹತ್ತಿರ ಸಂಪರ್ಕ ಮಾಡಿಸ್ತಾರೆ. ಮುಖಾಮುಖಿ ಚಿಕಿತ್ಸೆ ಬೇಕಿದ್ದರೆ ಹತ್ತಿರದ ಸರ್ಕಾರಿ ವ್ಯವಸ್ಥೆಗೆ ದಾರಿ ತೋರಿಸ್ತಾರೆ. ಸಾಯುವ ಯೋಚನೆ ಬಂದಾಗ ಮಾತ್ರ ಮಾಡಬೇಕು ಅಂತಿಲ್ಲ. ಪರೀಕ್ಷೆ ಭಯ, ನಿದ್ದೆ ಬಾರದಿರುವುದು, ಗೆಳೆಯನ ಬಗ್ಗೆ ಚಿಂತೆ, ಯಾವುದಕ್ಕಾದರೂ ಮಾಡಬಹುದು. ‘ನಮ್ಮ ಫ್ರೆಂಡ್ ಹೀಗಂತಿದ್ದಾನೆ, ನಾವೇನು ಮಾಡಬೇಕು’ ಅಂತ ಕೇಳೋಕೂ ಮಾಡಬಹುದು. ನಾವು ಶುರು ಮಾಡಿದ್ದೇ ಹಾಗೆ. ಆಮೇಲೆ ಫೋನ್ ಅವನ ಕೈಗೆ ಕೊಟ್ಟೆವು.

ಅವನು ಎದ್ದು ಹೋಗಿ ಕಾರಿಡಾರ್‌ನ ಇನ್ನೊಂದು ತುದಿಯಲ್ಲಿ, ನಮ್ಮ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು ಮಾತಾಡಿದ. ಸುಮಾರು ಅರ್ಧ ಗಂಟೆ. ಅವನ ಹಾವೇರಿ ಕನ್ನಡದಲ್ಲೇ ಮಾತಾಡ್ತಿದ್ದದ್ದು ಕೇಳಿಸ್ತಿತ್ತು. ನಮ್ಮ ಜೊತೆ ಇದ್ದಾಗ ಯಾವಾಗಲೂ ‘ಬೆಂಗಳೂರು ಕನ್ನಡ’ ಮಾತಾಡೋಕೆ ಪ್ರಯತ್ನ ಮಾಡ್ತಿದ್ದ. ನಾವು ಅವನ ಭಾಷೆಯನ್ನು ಎಷ್ಟು ಸಲ ಆಡಿಕೊಂಡಿದ್ದೀವಿ ಅಂತ ಅವಾಗ ನೆನಪಾಯ್ತು. ಸಮಸ್ಯೆ ತೀರಲಿಲ್ಲ. ಆದರೆ ಫೋನ್ ವಾಪಸ್ ಕೊಟ್ಟಾಗ, “ನಿದ್ದಿ ಬರಾಕತ್ತೈತಿ” ಅಂದ. ನಮ್ಮ ರೂಮಲ್ಲೇ ಹಾಸಿಗೆ ಹಾಕಿ ಮಲಗಿಸಿದೆವು.

ಯಾರ ಹತ್ತಿರ ಹೋಗಬೇಕು

ಇಲ್ಲಿ ನಮಗಿದ್ದ ಗೊಂದಲ ನಿಮಗೂ ಇರಬಹುದು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಅವರು ರೋಗ ಗುರುತಿಸ್ತಾರೆ, ಮಾತ್ರೆ ಬರೆದುಕೊಡ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡಲ್ಲ, ಮಾತಿನ ಮೂಲಕ ನಡೆಯುವ ಚಿಕಿತ್ಸೆ ಕೊಡ್ತಾರೆ, ವಾರಕ್ಕೊಮ್ಮೆ ಹೀಗೆ ಹಲವು ಸಲ ಹೋಗಬೇಕಾಗುತ್ತೆ. ಕಾಲೇಜು ಕೌನ್ಸೆಲರ್‌ಗೆ ಕನ್ನಡದಲ್ಲಿ ಆಪ್ತ ಸಮಾಲೋಚಕರು ಅಂತಾರೆ. ಮೊದಲು ಮಾತಾಡೋಕೆ ಅವರು ಒಳ್ಳೆ ಬಾಗಿಲು, ಬೇಕಿದ್ದರೆ ಮುಂದಕ್ಕೆ ಕಳಿಸ್ತಾರೆ. ಯಾರ ಹತ್ತಿರ ಮೊದಲು ಹೋಗಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವ ಬಾಗಿಲು ಹತ್ತಿರ ಇದೆಯೋ ಅದನ್ನು ತಟ್ಟಿ.

ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಅದರ ಮಾದರಿಯನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು 1980 ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆಮೇಲೆ 1996 ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಜಿಲ್ಲಾಸ್ಪತ್ರೆಯಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯರು ಇರುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಮರುದಿನ ಬೆಳಗ್ಗೆ ನಾವು ಹೋಗಿದ್ದೂ ಸರ್ಕಾರಿ ಆಸ್ಪತ್ರೆಗೇ. ಚೀಟಿ ಮಾಡಿಸಿ ಮನೋವೈದ್ಯ ವಿಭಾಗದ ಮುಂದೆ ಬೆಂಚಿನ ಮೇಲೆ ಕೂತೆವು. ನಿಜ ಹೇಳಬೇಕೆಂದರೆ ನಮ್ಮ ತಲೆಯಲ್ಲಿದ್ದದ್ದು ಸಿನಿಮಾದಲ್ಲಿ ತೋರಿಸೋ ‘ಹುಚ್ಚಾಸ್ಪತ್ರೆ’. ಅಲ್ಲಿದ್ದದ್ದು ಖಾಕಿ ಯೂನಿಫಾರ್ಮ್‌ನ ಒಬ್ಬ ಬಸ್ ಕಂಡಕ್ಟರ್, ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬ ತಾಯಿ, ಟಿಫಿನ್ ಡಬ್ಬಿ ಹಿಡಿದಿದ್ದ ಒಬ್ಬರು ಅಜ್ಜ. ಕಣ್ಣಿನ ಡಾಕ್ಟರ್ ಮುಂದೆ ಇರೋ ಹಾಗೆ ಮಾಮೂಲಿ ಕ್ಯೂ. ನಮ್ಮ ಗೆಳೆಯ ಆ ಅಜ್ಜನ ಜೊತೆ ಮಳೆ-ಬೆಳೆ ಬಗ್ಗೆ ಮಾತಾಡ್ತಾ ಕೂತ.

ಡಾಕ್ಟರ್ ಅವನೊಬ್ಬನನ್ನೇ ಒಳಗೆ ಕರೆದು ಮಾತಾಡಿಸಿದರು. ಖಿನ್ನತೆ ಅಂದರು, ಮಾತ್ರೆ ಕೊಟ್ಟರು, ಮತ್ತೆ ಬರೋಕೆ ಹೇಳಿದರು. ಮಾತ್ರೆಯ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾದ ಮೂರು ವಿಷಯ: ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡಲ್ಲ, ಕೆಲವು ವಾರ ಬೇಕು. ಸ್ವಲ್ಪ ಹುಷಾರಾಯ್ತು ಅಂತ ನಾವೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಬೇಕು. ಮತ್ತೆ, ನಮ್ಮ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ ಅಥವಾ ಕೆಟ್ಟ ಯೋಚನೆ ಹೆಚ್ಚಾದ ಹಾಗೆ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ತಕ್ಷಣ ಡಾಕ್ಟರ್‌ಗೆ ಹೇಳಬೇಕು.

ಕಷ್ಟಕ್ಕೆ ಕಾರಣ ರ್‍ಯಾಗಿಂಗ್ ಆಗಿದ್ದರೆ ಚಿಕಿತ್ಸೆಯ ಜೊತೆಗೆ ದೂರನ್ನೂ ಕೊಡಿ. ರಾಷ್ಟ್ರೀಯ ರ್‍ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ತಪ್ಪು ಮಾಡಿದವರು ಬೇರೆ ಇರುವಾಗ ಮಾತ್ರೆ ಮಾತ್ರ ನಾವು ನುಂಗಿ ಕೂರಬೇಕಿಲ್ಲ.

ಒಂದು ಹಾಳೆಯ ಪ್ಲಾನ್

ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಸರಳ ವಿಧಾನ ಮಾಡಿದ್ದಾರೆ. ಮನಸ್ಸು ಸ್ವಲ್ಪ ತಿಳಿಯಾಗಿದ್ದಾಗ, ಆಗುವುದಾದರೆ ಕೌನ್ಸೆಲರ್ ಜೊತೆ ಕೂತು, ಒಂದು ಹಾಳೆಯಲ್ಲಿ ಆರು ವಿಷಯ ಬರೆದಿಟ್ಟುಕೊಳ್ಳೋದು. ಅಲೆ ಏರಿದಾಗ ತಲೆ ಓಡಲ್ಲ, ಆಗ ಹಾಳೆ ನೋಡಿಕೊಂಡು ಒಂದೊಂದೇ ಮೆಟ್ಟಿಲು ಹೋಗೋದು.

1. ಕೆಟ್ಟ ಹೊತ್ತು ಶುರುವಾಗ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ? ನಮ್ಮ ಗೆಳೆಯ ಬರೆದದ್ದು: ‘ಊಟ ಬಿಡೋದು, ಮನೆಯ ಫೋನ್ ಎತ್ತದಿರೋದು’.
2. ಒಬ್ಬನೇ ಇದ್ದಾಗ ಮನಸ್ಸು ಬೇರೆ ಕಡೆ ತಿರುಗಿಸೋಕೆ ಏನು ಮಾಡಬಲ್ಲೆ? ತಣ್ಣೀರಲ್ಲಿ ಮುಖ ತೊಳೆಯೋದು, ನಡೆಯೋದು, ಇಷ್ಟದ ಹಾಡು.
3. ಯಾವ ಜಾಗ, ಯಾರ ಜೊತೆ ಇದ್ದರೆ ಹಗುರಾಗುತ್ತೆ? ಗೇಟ್ ಹತ್ತಿರದ ಟೀ ಅಂಗಡಿ, ವಾಲಿಬಾಲ್ ಕೋರ್ಟ್. ಇಲ್ಲಿ ಕಷ್ಟ ಹೇಳಿಕೊಳ್ಳಲೇಬೇಕು ಅಂತಿಲ್ಲ, ಜನರ ಮಧ್ಯೆ ಇದ್ದರೆ ಸಾಕು.
4. ಯಾರ ಹತ್ತಿರ ಬಾಯಿಬಿಟ್ಟು ಹೇಳಬಲ್ಲೆ? ಹೆಸರು ಮತ್ತು ಫೋನ್ ನಂಬರ್.
5. ಡಾಕ್ಟರ್, ಕೌನ್ಸೆಲರ್, 14416, 112.
6. ನನ್ನ ಸುತ್ತಲಿನ ಜಾಗವನ್ನು ಸುರಕ್ಷಿತ ಮಾಡೋದು ಹೇಗೆ, ಅದಕ್ಕೆ ಯಾರು ಸಹಾಯ ಮಾಡ್ತಾರೆ?

ಅವನ ಹಾಳೆ ಈಗಲೂ ಅವನ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೆ. ನಾಲ್ಕನೇ ಸಾಲಿನಲ್ಲಿ ನಮ್ಮ ಮೂರು ಜನರ ನಂಬರ್ ಇದೆ. ಆವತ್ತಿಂದ ನಾವು ರಾತ್ರಿ ಫೋನ್ ಸೈಲೆಂಟ್‌ಗೆ ಹಾಕಲ್ಲ.

ಮನೆಯಲ್ಲಿ ಹೇಗೆ ಹೇಳೋದು

ಇದು ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು. “ಅವ್ವಗ ಏನಂತ ಹೇಳ್ಲಿ?” ಅಂತ ನಾಲ್ಕು ದಿನ ಕೇಳಿದ. ಖಿನ್ನತೆ ಅನ್ನೋ ಪದ ಅವರ ಮನೆಯಲ್ಲಿ ಯಾರೂ ಬಳಸಲ್ಲ. ಕೊನೆಗೆ ನಾವೆಲ್ಲ ಕೂತು ಸಣ್ಣ ಮಾತಿನಲ್ಲಿ ರೆಡಿ ಮಾಡಿದ್ದು ಇದು: “ಅವ್ವ, ನನಗ ಎರಡು ತಿಂಗಳಿಂದ ಆರಾಮ ಇಲ್ಲ. ನಿದ್ದಿ ಇಲ್ಲ, ಊಟ ಸೇರವಲ್ದು, ಬದುಕೋದೇ ಬ್ಯಾಡ ಅನ್ನಿಸಿತ್ತು. ಡಾಕ್ಟರಿಗೆ ತೋರ್ಸೇನಿ, ಔಷಧ ತಗೊಳಾಕತ್ತೇನಿ. ಈಗ ಬೈಬ್ಯಾಡ, ಒಮ್ಮೆ ಬಂದು ಹೋಗು.”

ಇದರಲ್ಲಿ ಮೂರು ಭಾಗ ಇದೆ. ಏನಾಗ್ತಿದೆ, ಏನು ಮಾಡ್ತಿದ್ದೀನಿ, ನಿಮ್ಮಿಂದ ಏನು ಬೇಕು. ನಿಮ್ಮ ಮನೆಯ ಮಾತಿಗೆ ತಕ್ಕ ಹಾಗೆ ಬದಲಿಸಿಕೊಳ್ಳಿ. ಬಾಯಲ್ಲಿ ಹೇಳೋಕೆ ಆಗದಿದ್ದರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಅಪ್ಪ-ಅಮ್ಮನಿಗೆ ನೇರವಾಗಿ ಹೇಳೋ ಪರಿಸ್ಥಿತಿ ಇಲ್ಲದಿದ್ದರೆ ಚಿಕ್ಕಪ್ಪ, ಅಕ್ಕ, ಸೋದರಮಾವ, ಹೈಸ್ಕೂಲ್ ಮೇಷ್ಟ್ರು, ಯಾರು ಕೇಳಿಸಿಕೊಳ್ತಾರೋ ಅವರ ಮೂಲಕ ಹೇಳಿಸಿ. ಅವನ ಅವ್ವ ಮಾರನೇ ದಿನವೇ ರಾತ್ರಿ ಬಸ್ ಹತ್ತಿ ಬಂದರು. ಅಪ್ಪನಿಗೆ ಅರ್ಥವಾಗೋಕೆ ಜಾಸ್ತಿ ದಿನ ಬೇಕಾಯ್ತು. “ಮನಸ್ಸು ಗಟ್ಟಿ ಮಾಡ್ಕೋಬೇಕು” ಅಂತಲೇ ಅಂತಿದ್ದರು. ಒಂದು ಸಲ ಡಾಕ್ಟರ್ ಎದುರು ಕೂತ ಮೇಲೆ ಆ ಮಾತು ನಿಂತಿತು.

ಕೇಸ್ ಆಗುತ್ತಾ? ಎಲ್ಲರಿಗೂ ಗೊತ್ತಾಗುತ್ತಾ?

ಈ ಎರಡು ಭಯದಿಂದಲೇ ಎಷ್ಟೋ ಜನ ಆಸ್ಪತ್ರೆಗೆ ಹೋಗಲ್ಲ. ಯೋಚನೆ ಬಂದಿದ್ದಕ್ಕೆ ಎಂದೂ ಕೇಸ್ ಇರಲಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರ ಮೇಲೆ ಮೊದಲು ಐಪಿಸಿ 309 ಅನ್ನೋ ಸೆಕ್ಷನ್ ಇತ್ತು. 2018 ರ ಮೇ 29 ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ರ 115 ನೇ ಸೆಕ್ಷನ್ ಹೇಳುವುದು ಬೇರೆ: ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಹಾಗಲ್ಲ ಅಂತ ಸಾಬೀತಾಗದ ಹೊರತು ಶಿಕ್ಷಿಸಬಾರದು, ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ. 2024 ರ ಜುಲೈ 1 ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 309 ಅನ್ನು ಮತ್ತೆ ಸೇರಿಸಲಿಲ್ಲ.

ಅದೇ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದು ನಿಮ್ಮ ಹಕ್ಕು. ಜೀವಕ್ಕೆ ಅಪಾಯ ತಪ್ಪಿಸುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇದೆ. ಡಾಕ್ಟರ್ ಹೋಗಿ ಎಚ್‌ಒಡಿಗೆ ಹೇಳಲ್ಲ, ಪ್ಲೇಸ್‌ಮೆಂಟ್ ಸೆಲ್‌ಗೆ ಕಳಿಸಲ್ಲ.

ಕಾಲೇಜುಗಳಿಗೂ ಜವಾಬ್ದಾರಿ ಇದೆ. 2025 ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆ ಇರುವ ಒಬ್ಬರಾದರೂ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಯ ನಂಬರ್‌ಗಳನ್ನು ಹಾಸ್ಟೆಲ್, ಕ್ಲಾಸ್‌ರೂಮ್‌ಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ನಾವು ಇದನ್ನು ಒಂದು ಪತ್ರದಲ್ಲಿ ಬರೆದು ಕೊಟ್ಟೆವು. ಆ ಹಳೇ ನಂಬರಿನ ಚೀಟಿ ತೆಗೆದು ಈಗ ಪ್ರತಿ ಫ್ಲೋರ್‌ನಲ್ಲಿ 14416 ಅಂಟಿಸಿದ್ದಾರೆ. ನಿಮ್ಮ ಹಾಸ್ಟೆಲ್‌ನಲ್ಲಿ ಇಲ್ಲದಿದ್ದರೆ ನೀವೂ ಕೇಳಿ. ಗೋಡೆ ಮೇಲಿರುವ ನಂಬರ್‌ಗೆ ಒಂದು ಸಲ ಕಾಲ್ ಮಾಡಿ, ಚಾಲ್ತಿಯಲ್ಲಿದೆಯಾ ಅಂತ ಹಗಲು ಹೊತ್ತಲ್ಲೇ ನೋಡಿಕೊಳ್ಳಿ.

ಜೊತೆಗಿರುವವರಿಗೆ ಒಂದು ಮಾತು

ಗೆಳೆಯನ ಜೊತೆ ನಿಂತವರಿಗೂ ಸುಸ್ತಾಗುತ್ತೆ. ನಮ್ಮಲ್ಲೊಬ್ಬನಿಗೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ, ಅವನೂ ಕೌನ್ಸೆಲರ್ ಹತ್ತಿರ ಹೋಗಿ ಮಾತಾಡಿ ಬಂದ. ಒಬ್ಬರೇ ಹೊತ್ತುಕೊಳ್ಳಬೇಡಿ, ಹಂಚಿಕೊಳ್ಳಿ. ಇವತ್ತು ಒಬ್ಬ ಊಟಕ್ಕೆ ಕರೆದರೆ ನಾಳೆ ಇನ್ನೊಬ್ಬ ಆಸ್ಪತ್ರೆಗೆ ಹೋಗಲಿ. ನಾವು ಡಾಕ್ಟರ್‌ಗಳಲ್ಲ. ನಮ್ಮ ಕೆಲಸ ಡಾಕ್ಟರ್ ಹತ್ತಿರದವರೆಗೆ ಜೊತೆಗೆ ನಡೆಯೋದು.

ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಜೀವ ಉಳಿಯದೆ ಹೋಗಬಹುದು. ಅಂಥ ನೋವು ಕಂಡವರು ಇದನ್ನು ಓದ್ತಿದ್ದರೆ, ಅದು ನಿಮ್ಮ ತಪ್ಪಲ್ಲ. ನಿಮಗೂ ಆ ನಂಬರ್ ಇದೆ, ನೀವೂ ಕಾಲ್ ಮಾಡಬಹುದು.

ಕೊನೆಯದಾಗಿ

ಈ ಲೇಖನವನ್ನು ಮೊದಲು ಓದಿದ್ದು ನಮ್ಮ ಗೆಳೆಯನೇ. ಎರಡು ಕಡೆ ತಿದ್ದಿದ. ‘ನಾವು ಅವನನ್ನು ಉಳಿಸಿದೆವು’ ಅಂತ ಒಂದು ಸಾಲು ಬರೆದಿದ್ದೆವು, ಅದನ್ನು ಹೊಡೆದುಹಾಕಿದ. “ಕೂತ್ಕೊಂಡ್ರಿ, ಕೇಳಿದ್ರಿ, ಅಷ್ಟ. ಉಳಿದದ್ದು ನಾನೂ ಮಾಡೇನಿ” ಅಂದ. ಸರಿಯಾದ ಮಾತೇ. ಆಮೇಲೆ ಕೊನೆಯಲ್ಲಿ ‘ಈಗ ಅವನು ಪೂರ್ತಿ ಹುಷಾರಾಗಿದ್ದಾನೆ’ ಅಂತ ಇತ್ತು. ಅದರ ಜಾಗದಲ್ಲಿ ಅವನೇ ಹೇಳಿ ಬರೆಸಿದ್ದು ಇದು: ಮಾತ್ರೆ ಇನ್ನೂ ನಡೀತಿದೆ. ರಜೆಯಲ್ಲಿ ಊರಿಗೆ ಹೋದಾಗ ಧಾರವಾಡದಲ್ಲಿ ತೋರಿಸ್ತಾನೆ. ಒಂದು ಬ್ಯಾಕ್ ಕ್ಲಿಯರ್ ಆಯ್ತು, ಮ್ಯಾಥ್ಸ್ ಉಳಿದಿದೆ. ಕೆಲವು ದಿನ ಈಗಲೂ ಕೆಟ್ಟದಾಗಿರುತ್ತೆ. ಆದರೆ ಆ ದಿನ ಮುಗಿಯುತ್ತೆ ಅಂತ ಈಗ ಗೊತ್ತು.

ಹೆಡ್‌ಫೋನ್ ವಾಪಸ್ ತಗೊಂಡಿದ್ದಾನೆ. ನಾವು ಕೇಳಿದರೂ ಕೊಡ್ತಿಲ್ಲ.

ನಿಮ್ಮ ಫೋನ್ ತೆಗೆದು ಈಗಲೇ 14416 ಸೇವ್ ಮಾಡಿಕೊಳ್ಳಿ. ನಿಮಗೆ ಬೇಕಾಗದೇ ಇರಬಹುದು. ಪಕ್ಕದ ರೂಮಿನವರಿಗೆ ಬೇಕಾಗಬಹುದು. ಆಮೇಲೆ, ಬಹಳ ದಿನದಿಂದ ಮೆಸ್‌ನಲ್ಲಿ ಕಾಣಿಸದ ಒಬ್ಬರ ಮುಖ ನಿಮಗೆ ಈಗ ನೆನಪಾಗ್ತಿದ್ದರೆ, ಹೋಗಿ ಬಾಗಿಲು ತಟ್ಟಿ. “ಊಟ ಆಯ್ತಾ?” ಅಂತ ಕೇಳಿ. ಮಾತು ಅಲ್ಲಿಂದ ಶುರುವಾಗಲಿ.